ನಾಲ್ಕೂವರೆಯಿಂದ ಏಳೂವರೆ: ವಡಗಾವಿಯ ಸಂಜೆ ಕ್ಲಾಸಿಗೆ ದುಡ್ಡು ಎಲ್ಲಿಂದ ತರೋಣ?

ವಡಗಾವಿ ಅಕ್ಕ (ಭಾನುವಾರ, ರಾತ್ರಿ 9:10)

ಎಲ್ಲರಿಗೂ ನಮಸ್ಕಾರ. ಒಂದು ಕಷ್ಟ ಹೇಳಿಕೊಂಡು ದಾರಿ ಕೇಳಲು ಬಂದಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಬೆಳಗಾವಿಯ ವಡಗಾವಿಯಲ್ಲಿ ನಾವು ನಾಲ್ಕು ಜನ ಹೆಣ್ಣುಮಕ್ಕಳು ಸೇರಿ ಎರಡೂವರೆ ವರ್ಷದಿಂದ ಸಂಜೆ ಕ್ಲಾಸ್ ನಡೆಸುತ್ತಿದ್ದೇವೆ. ನಮ್ಮ ಓಣಿ ಗೊತ್ತಿದ್ದವರಿಗೆ ಗೊತ್ತು, ಹಗಲೆಲ್ಲ ಪಾವರ್‌ಲೂಮ್ ಸದ್ದು. ಅಪ್ಪ ಮಗ್ಗದ ಮೇಲೆ. ಅವ್ವ ಉದ್ಯಮಬಾಗದ ಕಾರ್ಖಾನೆಯಲ್ಲೋ, ಟಿಳಕವಾಡಿಯ ಯಾರದೋ ಮನೆಗೆಲಸದಲ್ಲೋ, ಬಟ್ಟೆ ಅಂಗಡಿಯಲ್ಲೋ. ಶಾಲೆ ನಾಲ್ಕೂಕಾಲಿಗೆ ಬಿಡುತ್ತದೆ. ಅವ್ವ ಮನೆ ಮುಟ್ಟುವಾಗ ಏಳು ದಾಟಿರುತ್ತದೆ. ನಡುವಿನ ಮೂರು ತಾಸು ಮಗು ಎಲ್ಲಿರಬೇಕು? ಕ್ಲಾಸ್ ಶುರುವಾಗುವ ಮೊದಲು ಕೆಲವರು ಬೀದಿಯಲ್ಲಿ ಇರುತ್ತಿದ್ದರು. ಕೆಲವರು ಹೊರಗಿನಿಂದ ಚಿಲಕ ಹಾಕಿದ ಮನೆಯೊಳಗೆ ಇರುತ್ತಿದ್ದರು. ನನ್ನನ್ನು ಈ ಕೆಲಸಕ್ಕೆ ಎಳೆದದ್ದು ಆ ಚಿಲಕವೇ. ಕಿಟಕಿಯ ಸರಳು ಹಿಡಿದು ನಿಂತಿದ್ದ ಎರಡನೇ ತರಗತಿಯ ಹುಡುಗಿಯೊಬ್ಬಳು "ಅಕ್ಕಾ, ಟೈಮ್ ಎಷ್ಟಾಯ್ತು?" ಎಂದು ಕೇಳಿದ್ದಳು. ಅವಳಿಗೆ ಆಟ ಬೇಕಿರಲಿಲ್ಲ, ತಿಂಡಿ ಬೇಕಿರಲಿಲ್ಲ. ಟೈಮ್ ಬೇಕಿತ್ತು.

ಈಗ ಒಂದರಿಂದ ಏಳನೇ ತರಗತಿವರೆಗಿನ 34 ಮಕ್ಕಳು ಬರುತ್ತಾರೆ. ಸಮುದಾಯ ಭವನದ ಒಂದು ಕೋಣೆ ಬಾಡಿಗೆ ಇಲ್ಲದೆ ಸಿಕ್ಕಿದೆ. ಕಲಿಸಲು ಇಬ್ಬರು ಅಕ್ಕೋರು ಇದ್ದಾರೆ, ಒಬ್ಬರಿಗೆ ಮರಾಠಿಯೂ ಚೆನ್ನಾಗಿ ಬರುತ್ತದೆ. ಮೊದಲು ಉಸುಳಿ ಅಥವಾ ಚುರಮುರಿ, ಆಮೇಲೆ ಆಟ, ಆಮೇಲೆ ಹೋಮ್‌ವರ್ಕ್, ಕೊನೆಗೆ ಓದು.

ತಿಂಗಳ ಖರ್ಚು ಹೀಗಿದೆ. ಅಕ್ಕೋರಿಗೆ ತಲಾ 5,000 ರೂಪಾಯಿ, ಎರಡಕ್ಕೆ 10,000. ತಿಂಡಿ ಒಂದು ಮಗುವಿಗೆ ದಿನಕ್ಕೆ 6 ರೂಪಾಯಿಯಂತೆ 24 ದಿನಕ್ಕೆ ಸುಮಾರು 4,900. ಲೈಟ್ ಬಿಲ್, ಫಿನಾಯಿಲ್, ಪುಸ್ತಕ, ಪೆನ್ಸಿಲ್ ಎಲ್ಲ ಸೇರಿ 1,100. ಒಟ್ಟು 16,000. ಒಂದು ಮಗುವಿಗೆ ತಿಂಗಳಿಗೆ 100 ರೂಪಾಯಿ ಫೀ ಇಟ್ಟಿದ್ದೇವೆ. ಕೈಗೆ ಬರುವುದು ಸುಮಾರು 2,900. ಉಳಿದ 13,100 ರೂಪಾಯಿಯನ್ನು ಒಬ್ಬ ದಾನಿ ಕೊಡುತ್ತಿದ್ದರು. ಅವರ ವ್ಯಾಪಾರ ಈಗ ಸರಿ ಇಲ್ಲ, ಇನ್ನು ಎರಡು ತಿಂಗಳು ಮಾತ್ರ ಆಗುತ್ತದೆ ಎಂದಿದ್ದಾರೆ. ಎರಡು ವರ್ಷ ಒಂದು ತಿಂಗಳೂ ತಪ್ಪಿಸದೆ ಕೊಟ್ಟವರು, ಅವರ ಮೇಲೆ ನನಗೆ ಗೌರವವೇ ಇದೆ.

ನನ್ನ ಬೇಸರ ಬೇರೆ. ಈ ಎರಡು ವರ್ಷದಲ್ಲಿ ನಮಗೆ ವಸ್ತುಗಳು ಬೇಕಾದಷ್ಟು ಬಂದಿವೆ. ಒಂದು ಕಂಪನಿ 20 ಟ್ಯಾಬ್ ಕೊಟ್ಟು ಫೋಟೋ ತೆಗೆಸಿಕೊಂಡು ಹೋಯಿತು. ಈಗ ಅದರಲ್ಲಿ ನಾಲ್ಕು ನಡೆಯುತ್ತವೆ. ಬ್ಯಾಗು ಮೂರು ಸಲ ಬಂದವು. ಹೆಸರು ಬರೆಸಿದ ಫ್ಯಾನ್ ಬಂದಿದೆ. ಆದರೆ "ಅಕ್ಕೋರ ಪಗಾರಕ್ಕೆ ಕೊಡಿ" ಎಂದರೆ ಎಲ್ಲರೂ ಹಿಂದೆ ಸರಿಯುತ್ತಾರೆ. ಅಕ್ಕೋರು ಇಲ್ಲದಿದ್ದರೆ ಆ ಫ್ಯಾನಿನ ಕೆಳಗೆ ಯಾರು ಕೂರುತ್ತಾರೆ? ದುಡ್ಡು ಎಲ್ಲಿಂದ ತರುವುದು, ಹೇಗೆ ಕೇಳುವುದು, ತಿಳಿದವರು ಹೇಳಿ.

ಖಾಸಬಾಗದ ಮಗ್ಗ (ಭಾನುವಾರ, ರಾತ್ರಿ 9:52)

ಅಕ್ಕಾರೇ, ನನ್ನ ಮಗಳು ನಿಮ್ಮಲ್ಲಿಗೆ ಬರುತ್ತಾಳೆ. ಯಾರು ಅಂತ ಇಲ್ಲಿ ಹೇಳುವುದಿಲ್ಲ, ನಿಮಗೆ ಗೊತ್ತಾಗುತ್ತದೆ.

ಒಂದು ಮಾತು ಸೇರಿಸುತ್ತೇನೆ. ನೇಕಾರರ ಮನೆಯಲ್ಲಿ ಸಂಜೆ ಮಗು ಖಾಲಿ ಕೂತಿರುವುದಿಲ್ಲ. ಕಂಡಿಕೆ, ಅಂದರೆ ಮಗ್ಗಕ್ಕೆ ಬೇಕಾದ ನೂಲಿನ ಉರುಳೆ, ಸುತ್ತಲು ಕೂರುತ್ತದೆ. ನಾನೂ ಸುತ್ತಿದ್ದೇನೆ, ನನ್ನ ಅಪ್ಪನೂ ಸುತ್ತಿದ್ದಾರೆ. 2016ರಲ್ಲಿ ಬಾಲಕಾರ್ಮಿಕ ಕಾಯ್ದೆ ತಿದ್ದಿದರು. 14ರ ಒಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳಬಾರದು ಎಂದರು. ಆದರೆ ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ, ಅಪಾಯವಿಲ್ಲದ ಮನೆಯ ಕಸುಬಿಗೆ ಕೈಜೋಡಿಸಬಹುದು ಎಂದೂ ಬರೆದರು. ಆದರೆ ಸಂಜೆ ಮನೆಯೊಳಗೆ ಏನು ನಡೆಯುತ್ತದೆ ಎಂದು ಯಾರು ಬಂದು ನೋಡುತ್ತಾರೆ? ಅದು ನಮ್ಮ ಮನಸ್ಸಾಕ್ಷಿಗೇ ಬಿಟ್ಟದ್ದು, ಅಲ್ವಾ?

ಮೊದಲ ತಿಂಗಳು ಮಗಳನ್ನು ಕ್ಲಾಸಿಗೆ ಕಳಿಸಿದಾಗ ನನ್ನ ಕೆಲಸ ಹಿಂದೆ ಬಿತ್ತು, ಮನೆಯಲ್ಲಿ ಮಾತೂ ಆಯಿತು. ಈಗ ಕಂಡಿಕೆಯನ್ನು ನಾನು ಮತ್ತು ಹೆಂಡತಿ ರಾತ್ರಿ ಊಟ ಆದಮೇಲೆ ಸುತ್ತುತ್ತೇವೆ. ಅವಳು ಪಕ್ಕದಲ್ಲಿ ಕೂತು ಗಟ್ಟಿಯಾಗಿ ಪಾಠ ಓದುತ್ತಾಳೆ. ಕ್ಲಾಸ್ ನಿಂತರೆ ಮಗಳು ಮತ್ತೆ ರಾಟಿಯ ಮುಂದೆ ಬರುತ್ತಾಳೆ. ಅದು ನನಗೆ ಬೇಡ.

ಗೋಕಾಕ ಲೆಕ್ಕಿಗ (ಭಾನುವಾರ, ರಾತ್ರಿ 10:35)

ನಾನು ತೆರಿಗೆ ಲೆಕ್ಕಪತ್ರ ನೋಡುವವನು. ದುಡ್ಡಿನ ದಾರಿ ಬಗ್ಗೆ ಗೊತ್ತಿರುವುದನ್ನು ಹೇಳುತ್ತೇನೆ. ಸ್ವಲ್ಪ ನೀರಸ ಅನ್ನಿಸಬಹುದು, ಆದರೆ ಇಲ್ಲಿ ಎಡವಿದವರನ್ನು ಜಾಸ್ತಿ ನೋಡಿದ್ದೇನೆ.

ಎಲ್ಲರೂ ಮೊದಲು ಹೇಳುವುದು "ಸಿಎಸ್‌ಆರ್ ಕೇಳಿ" ಅಂತ. ಸಿಎಸ್‌ಆರ್ ಅಂದರೆ ದೊಡ್ಡ ಕಂಪನಿಗಳು ಸಮಾಜದ ಕೆಲಸಕ್ಕೆ ಎತ್ತಿಡಬೇಕಾದ ದುಡ್ಡು. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ ವರ್ಷಕ್ಕೆ 5 ಕೋಟಿ ನಿವ್ವಳ ಲಾಭ, ಅಥವಾ 1,000 ಕೋಟಿ ವಹಿವಾಟು, ಅಥವಾ 500 ಕೋಟಿ ನಿವ್ವಳ ಆಸ್ತಿ ಇರುವ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಶಿಕ್ಷಣ ಆ ಪಟ್ಟಿಯಲ್ಲಿದೆ. ತಾವು ಕೆಲಸ ಮಾಡುವ ಊರಿನ ಸುತ್ತಮುತ್ತಲಿಗೆ ಮೊದಲು ಕೊಡಬೇಕು ಎಂದೂ ಇದೆ. ಕೇಳಲು ಚೆಂದ.

ಆದರೆ ಆ ದುಡ್ಡು ನಿಮ್ಮಂಥ ಗುಂಪಿಗೆ ನೇರವಾಗಿ ಬರುವುದಿಲ್ಲ. ಪಡೆಯುವ ಸಂಸ್ಥೆ ನೋಂದಣಿ ಆಗಿರಬೇಕು. ಆದಾಯ ತೆರಿಗೆಯ 12ಎ (ಸಂಸ್ಥೆಗೆ ತೆರಿಗೆ ವಿನಾಯಿತಿ) ಮತ್ತು 80ಜಿ (ದೇಣಿಗೆ ಕೊಟ್ಟವರಿಗೆ ತೆರಿಗೆ ರಿಯಾಯಿತಿ) ನೋಂದಣಿ ಇರಬೇಕು. 2021ರಿಂದ ಸಿಎಸ್‌ಆರ್-1 ಅರ್ಜಿ ತುಂಬಿ ನಂಬರ್ ಪಡೆದಿರಬೇಕು. ಜೊತೆಗೆ ಅದೇ ಥರದ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವ ತೋರಿಸಬೇಕು. ಇವತ್ತು ಟ್ರಸ್ಟ್ ಮಾಡಿದರೆ ನಾಳೆ ಸಿಎಸ್‌ಆರ್ ಸಿಗುವುದಿಲ್ಲ. ಮೊದಲ ಮೂರು ವರ್ಷ ಜನರ ದುಡ್ಡಿನಲ್ಲೇ ನಡೆಯಬೇಕು, ಇಲ್ಲವೇ ಈಗಾಗಲೇ ಕಾಗದ ಪತ್ರ ಎಲ್ಲ ಸರಿ ಇರುವ ಹಳೆಯ ಸಂಸ್ಥೆಯೊಂದರ ಆಸರೆ ಪಡೆಯಬೇಕು. ಎರಡನೆಯದು ಮಾಡಿದರೆ ಒಪ್ಪಂದ ಬರೆದೇ ಮಾಡಿ. ಬಾಯಿಮಾತಿನಲ್ಲಿ ಬೇಡ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. "ಸಿಎಸ್‌ಆರ್‌ನಲ್ಲಿ ಪಗಾರಕ್ಕೆ ಕೊಡಲು ಬರುವುದಿಲ್ಲ, ಆಡಳಿತ ವೆಚ್ಚ ಶೇ 5 ಮೀರಬಾರದು" ಎಂದು ಕಂಪನಿಯವರೇ ಹೇಳುತ್ತಾರೆ. ಆ ಶೇ 5ರ ಮಿತಿ ಕಂಪನಿಯ ಸ್ವಂತ ಸಿಎಸ್‌ಆರ್ ವಿಭಾಗದ ಆಡಳಿತಕ್ಕೆ. ಯೋಜನೆಯನ್ನು ನಡೆಸುವುದಕ್ಕೇ ನೇರವಾಗಿ ಆಗುವ ಖರ್ಚು ಅದರಲ್ಲಿ ಬರುವುದಿಲ್ಲ. ಸಂಜೆ ಕ್ಲಾಸಿನಲ್ಲಿ ಅಕ್ಕೋರೇ ಯೋಜನೆ. ಹಾಗೆಯೇ ಮುಂದುವರಿಯುವ ಯೋಜನೆ ಎಂದು ತೋರಿಸಿದರೆ, ಶುರುವಾದ ವರ್ಷ ಬಿಟ್ಟು ಮತ್ತೆ ಮೂರು ವರ್ಷದವರೆಗೆ ಕೊಡಲು ಅವಕಾಶ ಇದೆ. ಯಾರಾದರೂ "ಪಗಾರ ಆಗದು" ಎಂದರೆ ನಿಯಮ ತೋರಿಸಿ, ವಿನಯದಿಂದಲೇ ಕೇಳಿ.

80ಜಿ ಬಗ್ಗೆ ಎರಡು ಮಾತು. ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ ಅದರ ಲಾಭ. ಹೊಸ ಪದ್ಧತಿಯಲ್ಲಿ ಇಲ್ಲ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೂ ಇಲ್ಲ. ಆದ್ದರಿಂದ ರಿಯಾಯಿತಿಯ ಆಸೆ ತೋರಿಸಿ ದೇಣಿಗೆ ಕೇಳಬೇಡಿ, ಮಕ್ಕಳನ್ನು ತೋರಿಸಿ ಕೇಳಿ.

ಕೊನೆಗೆ, ನಿಮ್ಮ ಗುಂಪು ನೋಂದಣಿ ಆಗಿದೆಯೇ? ದುಡ್ಡು ಯಾರ ಖಾತೆಗೆ ಬರುತ್ತದೆ?

ವಡಗಾವಿ ಅಕ್ಕ (ಭಾನುವಾರ, ರಾತ್ರಿ 10:58)

ಸರ್, ಇಲ್ಲ. ನೋಂದಣಿ ಆಗಿಲ್ಲ. ದುಡ್ಡು ನನ್ನ ಖಾತೆಗೇ ಬರುತ್ತದೆ. ಪ್ರತಿ ರೂಪಾಯಿಯನ್ನೂ ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ.

ಗೋಕಾಕ ಲೆಕ್ಕಿಗ (ಭಾನುವಾರ, ರಾತ್ರಿ 11:04)

ನಿಮ್ಮ ಮೇಲೆ ಸಂಶಯ ಇಲ್ಲ ತಂಗಿ. ಆದರೆ ಇದು ಮೊದಲು ಸರಿಯಾಗಬೇಕು. ನಾಳೆ ಯಾರಾದರೂ ಕೇಳಿದರೆ ಅದು ನಿಮ್ಮ ಆದಾಯ ಅಲ್ಲ ಎಂದು ತೋರಿಸುವ ಹೊಣೆ ನಿಮ್ಮ ಮೇಲೇ ಬೀಳುತ್ತದೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಸಂಘ ಮಾಡಲು ಕನಿಷ್ಠ ಏಳು ಜನ ಬೇಕು. ನೀವು ನಾಲ್ವರು ಇದ್ದೀರಿ, ಇನ್ನು ಮೂವರನ್ನು ಹುಡುಕಿ. ಅದರಲ್ಲಿ ಇಬ್ಬರಾದರೂ ಮಕ್ಕಳ ತಾಯಂದಿರು ಇರಲಿ. ಕಾಗದದ ಕೆಲಸ ನಾನು ಮಾಡಿಕೊಡುತ್ತೇನೆ. ನನ್ನ ಫೀ ಬೇಡ, ಸರ್ಕಾರಿ ಶುಲ್ಕ ಮಾತ್ರ ನಿಮ್ಮದು. ಸಂಘದ ಹೆಸರಿನಲ್ಲಿ ಪ್ಯಾನ್ ಮಾಡಿಸಿ, ಇಬ್ಬರ ಸಹಿ ಇರುವ ಖಾತೆ ತೆಗೆಯೋಣ.

ಉದ್ಯಮಬಾಗದ ಫೌಂಡ್ರಿಯವ (ಸೋಮವಾರ, ಬೆಳಿಗ್ಗೆ 7:20)

ಓದಿ ರಾತ್ರಿ ನಿದ್ದೆ ಸರಿ ಬರಲಿಲ್ಲ.

ನನ್ನದು ಸಣ್ಣ ಕಾರ್ಖಾನೆ. ಕಾಯ್ದೆಯ 5 ಕೋಟಿ ಲಾಭದ ಹತ್ತಿರವೂ ನಾನಿಲ್ಲ. ಉದ್ಯಮಬಾಗ, ಮಚ್ಛೆ ಕಡೆ ನನ್ನಂಥವರೇ ಜಾಸ್ತಿ. ಹಾಗಾಗಿ ಇದು ನಮ್ಮ ಕೆಲಸ ಅಂತ ಯಾವತ್ತೂ ಅನ್ನಿಸಿರಲಿಲ್ಲ. ಆದರೆ ನನ್ನಲ್ಲಿ ಪ್ಯಾಕಿಂಗ್ ಮತ್ತು ಗ್ರೈಂಡಿಂಗ್ ಕಡೆ ಒಂಬತ್ತು ಹೆಣ್ಣುಮಕ್ಕಳು ಇದ್ದಾರೆ. ನಾಲ್ಕೂವರೆ ಆಯಿತು ಎಂದರೆ ಸಾಕು, ಅವರ ಕೈ ಫೋನಿಗೆ ಹೋಗುತ್ತದೆ. ನಾನು ಬೈದದ್ದೂ ಇದೆ. ಮಗು ಮನೆ ಮುಟ್ಟಿತೋ ಇಲ್ಲವೋ ಎಂದು ಕೇಳುತ್ತಿದ್ದರು ಎಂಬುದು ಈಗ ಅರ್ಥವಾಗುತ್ತಿದೆ. ಬೈದದ್ದಕ್ಕೆ ನಾಚಿಕೆಯಾಗುತ್ತಿದೆ.

1948ರ ಕಾರ್ಖಾನೆ ಕಾಯ್ದೆಯಲ್ಲಿ 30ಕ್ಕಿಂತ ಜಾಸ್ತಿ ಹೆಣ್ಣುಮಕ್ಕಳು ಇದ್ದರೆ ಶಿಶುಪಾಲನಾ ಕೋಣೆ ಇಡಬೇಕು ಎಂದಿತ್ತು. ಅದೂ ಆರು ವರ್ಷದ ಒಳಗಿನ ಮಕ್ಕಳಿಗೆ. ಆರು ತುಂಬಿದ ಮೇಲೆ ಮಗು ಶಾಲೆಗೆ ಹೋಗುತ್ತದೆ ಎಂದು ಲೆಕ್ಕ ಮುಗಿಸಿಬಿಟ್ಟರು. ಶಾಲೆ ಬಿಟ್ಟ ಮೇಲಿನ ಲೆಕ್ಕವನ್ನು ಯಾರೂ ಹಾಕಲಿಲ್ಲ.

13,100 ಎಂದರೆ ತಿಂಗಳಿಗೆ 500ರಂತೆ ಹೆಚ್ಚುಕಡಿಮೆ 26 ಪಾಲು. ಒಬ್ಬನ ಮೇಲೆ ಹೊರೆ ಬಿದ್ದದ್ದಕ್ಕೇ ಈಗ ನಿಲ್ಲುವ ಸ್ಥಿತಿ ಬಂದಿದೆ. 26 ಜನರಲ್ಲಿ ಇಬ್ಬರು ಬಿಟ್ಟರೂ ಕ್ಲಾಸ್ ನಿಲ್ಲುವುದಿಲ್ಲ. ನನ್ನದು ನಾಲ್ಕು ಪಾಲು ಬರೆದುಕೊಳ್ಳಿ. ಹೆಸರಿನ ಫಲಕ ಬೇಡ.

ಗುಮ್ಮಟದೂರಿನವಳು (ಸೋಮವಾರ, ಮಧ್ಯಾಹ್ನ 1:15)

ವಿಜಯಪುರದಿಂದ ಬರೆಯುತ್ತಿದ್ದೇನೆ. ವಸ್ತು ಕೊಡುತ್ತಾರೆ, ತಿಂಗಳ ಖರ್ಚು ಕೊಡುವುದಿಲ್ಲ ಎಂಬ ಅಕ್ಕನ ಮಾತು ನೂರಕ್ಕೆ ನೂರು ನಿಜ. ಆದರೆ ಉಲ್ಟಾ ಉದಾಹರಣೆಯೂ ನಮ್ಮ ಕಣ್ಣ ಮುಂದೆ ಇದೆ.

2021ರ ಡಿಸೆಂಬರ್‌ನಲ್ಲಿ ಶಾಲೆಯ ಬಿಸಿಯೂಟದ ಜೊತೆ ಮೊಟ್ಟೆ ಶುರುವಾದದ್ದು ನಮ್ಮ ವಿಜಯಪುರ ಸೇರಿ ಏಳು ಜಿಲ್ಲೆಗಳಲ್ಲಿ. ಮಕ್ಕಳ ಅಪೌಷ್ಟಿಕತೆ ಜಾಸ್ತಿ ಇತ್ತು ಅನ್ನುವ ಕಾರಣಕ್ಕೆ. ಆಮೇಲೆ ಇಡೀ ರಾಜ್ಯಕ್ಕೆ ವಾರಕ್ಕೆ ಎರಡು ದಿನ ಬಂತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ 1,500 ಕೋಟಿ ರೂಪಾಯಿ ಕೊಡಲು ಒಪ್ಪಿ, ಉಳಿದ ನಾಲ್ಕು ದಿನದ ಮೊಟ್ಟೆಯ ಖರ್ಚು ಹೊತ್ತಿತು. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ಆರು ದಿನವೂ ಮೊಟ್ಟೆ ಆಯಿತು.

ನಾನು ಇದನ್ನು ಹೇಳುವುದು ಯಾಕೆಂದರೆ ಮೊಟ್ಟೆಯ ಮೇಲೆ ಹೆಸರು ಬರೆಸಲು ಆಗುವುದಿಲ್ಲ. ಬೆಳಿಗ್ಗೆ ಬೇಯಿಸಿದರೆ ಮಧ್ಯಾಹ್ನ ಖಾಲಿ. ನಾಳೆ ಮತ್ತೆ ಬೇಕು. ಆದರೂ ಕೊಟ್ಟರು. ಸಂಜೆ ಕ್ಲಾಸಿನ ಪಗಾರವೂ ಮೊಟ್ಟೆಯ ಹಾಗೆಯೇ. ದಾನಿಗಳ ಹತ್ತಿರ ಹೋದಾಗ ಈ ಮಾತು ಹೇಳಿ ನೋಡಿ.

ನಮ್ಮ ತಿಕೋಟಾ ಕಡೆ ಒಣದ್ರಾಕ್ಷಿ ಘಟಕಗಳಲ್ಲಿ ಹೆಣ್ಣುಮಕ್ಕಳು ಕೆಲಸ ಮಾಡುತ್ತಾರೆ. ಸೀಸನ್ ಬಂದರೆ ಕತ್ತಲಾಗುವವರೆಗೆ ಅಲ್ಲೇ. ಕಬ್ಬು ಕಡಿಯಲು ಗುಳೆ ಹೋಗುವವರ ಮಕ್ಕಳ ಕಥೆಯಂತೂ ಇನ್ನೂ ಕಷ್ಟ, ಅದನ್ನು ಇನ್ನೊಮ್ಮೆ ಬರೆಯುತ್ತೇನೆ. ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ "ಕೂಸಿನ ಮನೆ" ಮಾಡಿತು, ಒಳ್ಳೆಯದಾಯಿತು. ಆದರೆ ಅದು ಕೂಸುಗಳಿಗೆ. ಏಳು ವರ್ಷದ ಹುಡುಗಿಯನ್ನು ಎಲ್ಲಿ ಬಿಡುವುದು? ನಮ್ಮಲ್ಲಿ ಕೆಲವು ಪಂಚಾಯಿತಿಗಳ ಗ್ರಂಥಾಲಯ, ಅಂದರೆ ಅರಿವು ಕೇಂದ್ರಗಳು, ಸಂಜೆ ಮಕ್ಕಳಿಂದ ತುಂಬಿರುತ್ತವೆ. 2020ರಲ್ಲಿ "ಓದುವ ಬೆಳಕು" ಶುರುವಾದ ಮೇಲೆ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಹಳ್ಳಿಯವರು ಹೊಸ ಕಟ್ಟಡ ಹುಡುಕುವ ಮೊದಲು ಅಲ್ಲಿ ಹೋಗಿ ಮಾತಾಡಿ.

ನನ್ನದು ಒಂದು ಪಾಲು.

ನಿವೃತ್ತ ಮಾಸ್ತರ, ಬೈಲಹೊಂಗಲ (ಸೋಮವಾರ, ಸಂಜೆ 6:40)

ಮಕ್ಕಳೇ, ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಕಳೆದವನು ನಾನು. ಎರಡು ಮೂರು ವಿಷಯ ಹೇಳುತ್ತೇನೆ.

ನಮ್ಮ ಭಾಗಕ್ಕೆ ಈ ಥರದ ದಾನ ಹೊಸದಲ್ಲ. ಶಿರಸಂಗಿ ಲಿಂಗರಾಜ ದೇಸಾಯರು 1906ರಲ್ಲಿ ತೀರಿಕೊಂಡರು. ಅದಕ್ಕೂ ಮೊದಲೇ ತಮ್ಮ ಆಸ್ತಿಯನ್ನು ಮಕ್ಕಳ ಓದಿಗೆಂದು ಬರೆದಿಟ್ಟಿದ್ದರು. ಮೂಲ ಹಾಗೇ ಇರಬೇಕು, ಅದರ ಹುಟ್ಟುವಳಿಯಲ್ಲಿ ವಿದ್ಯಾರ್ಥಿಗಳು ಓದಬೇಕು. ಬೆಳಗಾವಿಯಲ್ಲಿ 1916ರಲ್ಲಿ ಕೆಎಲ್‌ಇ ಸಂಸ್ಥೆ ಕಟ್ಟಿದವರು ಏಳು ಜನ ಶಿಕ್ಷಕರು. ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರು 1910ರಲ್ಲಿ ಬಿಎಲ್‌ಡಿಇ ಶಿಕ್ಷಣ ಸಂಸ್ಥೆ ಕಟ್ಟಿದರು. ಬಾಗಲಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ 1906ರದ್ದು. ಗೋಕಾಕದವರು ಏಳು ಜನ ಬೇಕು ಎಂದಾಗ ನನಗೆ ಆ ಏಳು ಶಿಕ್ಷಕರೇ ನೆನಪಾದರು.

ಆದರೆ ದೊಡ್ಡ ಆಸ್ತಿ ಬರೆದುಕೊಡುವವರು ಸಿಗುವವರೆಗೆ ಕಾಯಬೇಡಿ. ಇನ್ನೊಂದು ಪದ್ಧತಿ ಇತ್ತು, ವಾರಾನ್ನ. ನನ್ನ ತಂದೆ ವಾರಾನ್ನದ ಮೇಲೆ ಓದಿದವರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಏಳು ಮನೆ ಸೇರಿ ಒಬ್ಬ ಹುಡುಗನನ್ನು ಓದಿಸುತ್ತಿದ್ದವು. ಯಾವ ಮನೆಗೂ ಭಾರ ಆಗುತ್ತಿರಲಿಲ್ಲ. ಫೌಂಡ್ರಿಯವರು ಹೇಳಿದ 500 ರೂಪಾಯಿ ಪಾಲು ಅದೇ ಜಾತಿಯದು.

ಎರಡನೆಯದು. "ಶಾಲೆಯ ಮಾಸ್ತರರಿಗೇ ಸ್ವಲ್ಪ ದುಡ್ಡು ಕೊಟ್ಟು ಸಂಜೆ ಕೂರಿಸಿ" ಎಂದು ಯಾರಾದರೂ ಸಲಹೆ ಕೊಡಬಹುದು. ಅದು ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಮು ಶಿಕ್ಷಕರು ಖಾಸಗಿ ಟ್ಯೂಷನ್ ಹೇಳಬಾರದು ಎನ್ನುತ್ತದೆ. ಓಣಿಯ ಪಿಯುಸಿ, ಬಿಎ ಓದಿದ ಹುಡುಗಿಯರೇ ಸರಿ. ಮುಂಬೈ, ವಡೋದರಾದಲ್ಲಿ ಪ್ರಥಮ್ ಸಂಸ್ಥೆ "ಬಾಲಸಖಿ" ಎಂದು ಅಂಥ ಸ್ಥಳೀಯ ಹುಡುಗಿಯರನ್ನೇ ಹಿಂದುಳಿದ ಮಕ್ಕಳಿಗೆ ಇಟ್ಟಿತು. ಆ ಮಕ್ಕಳ ಕಲಿಕೆ ಸುಧಾರಿಸಿತು ಎಂದು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೋ ಮತ್ತು ಜೊತೆಗಾರರು ಅಳೆದು ನೋಡಿ 2007ರಲ್ಲಿ ಬರೆದರು. ಅದು ಶಾಲೆಯ ಹೊತ್ತಿನಲ್ಲೇ ನಡೆದದ್ದು, ಸಂಜೆಯದ್ದಲ್ಲ. ಆದರೂ ಮಗುವಿನ ಮಟ್ಟ ತಿಳಿದು, ಪಕ್ಕ ಕೂತು ಕಲಿಸುವವಳಿಗೆ ದೊಡ್ಡ ಡಿಗ್ರಿ ಬೇಕಿಲ್ಲ ಎಂಬುದು ಅದರಿಂದ ತಿಳಿಯಿತು.

ಮೂರನೆಯದು. ಕೋಣೆ ಕೈತಪ್ಪಿದರೆ ಹೆದರಬೇಡಿ. ಹತ್ತಿರದ ಸರ್ಕಾರಿ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಠರಾವು ಮಾಡಿಸಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಅರ್ಜಿ ಕೊಡಿ. ಬೀಗದ ಕೈ ಯಾರ ಹತ್ತಿರ ಇರುತ್ತದೆ, ಕಸ ಯಾರು ಗುಡಿಸುತ್ತಾರೆ ಎಂಬುದನ್ನೂ ಅರ್ಜಿಯಲ್ಲೇ ಬರೆಯಿರಿ. ಹೆಡ್‌ಮಾಸ್ತರಿಗೆ ಚಿಂತೆ ಇರುವುದು ಅದೊಂದರದ್ದೇ.

ಪಿಂಚಣಿಯಲ್ಲಿ ಒಂದು ಪಾಲು ನನ್ನದು.

ಬನಹಟ್ಟಿ ಹುಡುಗಿ (ಸೋಮವಾರ, ರಾತ್ರಿ 8:30)

ಬರೆಯಬೇಕೋ ಬೇಡವೋ ಎಂದು ಮಧ್ಯಾಹ್ನದಿಂದ ಯೋಚಿಸುತ್ತಿದ್ದೆ. ಬರೆದೇಬಿಡುತ್ತೇನೆ.

ನಾನು ರಬಕವಿ-ಬನಹಟ್ಟಿಯಲ್ಲಿ ಇಂಥದ್ದೇ ಒಂದು ಸಂಜೆ ಕ್ಲಾಸಿನಲ್ಲಿ ಅಕ್ಕೋರಾಗಿದ್ದೆ. ಬಿಎ ಮುಗಿದಿತ್ತು, ಮನೆಯಲ್ಲಿ ಅಪ್ಪನ ಮಗ್ಗ. ತಿಂಗಳಿಗೆ 3,500 ಕೊಡುತ್ತಿದ್ದರು. ಆ ದುಡ್ಡು ಕೆಲವು ತಿಂಗಳು ಮುಂದಿನ ತಿಂಗಳು ಬರುತ್ತಿತ್ತು. ಕೇಳಿದರೆ "ಸೇವೆ ಅಂತ ತಿಳಿದುಕೊಳ್ಳಮ್ಮ" ಎನ್ನುತ್ತಿದ್ದರು. ಹತ್ತು ತಿಂಗಳು ಮಾಡಿದೆ. ಆಮೇಲೆ ಒಂದು ಸೀರೆ ಅಂಗಡಿಯಲ್ಲಿ 8,000ಕ್ಕೆ ಸೇರಿದೆ. ಅಂಗಡಿಗೆ ಹೋಗುವ ದಾರಿಯಲ್ಲೇ ಆ ಮಕ್ಕಳ ಓಣಿ. ಒಬ್ಬ ಹುಡುಗ ಒಂದು ವಾರ ದಿನಾ ನನ್ನ ಹಿಂದೆ ನಡೆದು ಬಂದ. ಏನೂ ಕೇಳಲಿಲ್ಲ. ಸುಮ್ನೆ ಅಂಗಡಿಯವರೆಗೆ ಬಂದು ವಾಪಸ್ ಹೋಗುತ್ತಿದ್ದ. ನನ್ನ ನಂತರ ಬಂದವಳು ಎರಡು ತಿಂಗಳಿಗೆ ಬಿಟ್ಟಳು. ಮೂರನೆಯವರು ಸಿಗಲಿಲ್ಲ. ಕ್ಲಾಸ್ ಮುಚ್ಚಿತು.

ಅದಕ್ಕೇ ಹೇಳುತ್ತೇನೆ ಅಕ್ಕಾ, 5,000 ಕಡಿಮೆ. ದಿನಕ್ಕೆ ಮೂರು ತಾಸು, 24 ದಿನ ಎಂದರೆ 72 ತಾಸು. ತಾಸಿಗೆ 70 ರೂಪಾಯಿಯೂ ಬೀಳುವುದಿಲ್ಲ. ದುಡ್ಡು ಕೇಳುವಾಗಲೇ 6,000 ಎಂದು ಕೇಳಿ. 26 ಪಾಲು ಇದ್ದದ್ದು 30 ಆಗಲಿ. ಮತ್ತು ತಿಂಗಳ ಒಂದನೇ ತಾರೀಖಿಗೆ ಕೈಗೆ ಕೊಡಿ. ಇದು ಪಗಾರ, ಉಪಕಾರ ಅಲ್ಲ.

ಇನ್ನೊಂದು. ಹೊಸಬರನ್ನು ಸೇರಿಸುವಾಗ ಪೊಲೀಸ್ ಪರಿಶೀಲನೆ ಮಾಡಿಸಿ, ಅಕ್ಕೋರಾಗಲಿ, ಸುಮ್ನೆ ಸಹಾಯಕ್ಕೆ ಬರುವವರಾಗಲಿ. ಯಾವ ಹೊತ್ತಿನಲ್ಲೂ ಕೋಣೆಯಲ್ಲಿ ಇಬ್ಬರು ದೊಡ್ಡವರು ಇರಲಿ. ಮಗುವನ್ನು ಕರೆದುಕೊಂಡು ಹೋಗಲು ಯಾರು ಬರುತ್ತಾರೆ ಎಂದು ತಾಯಿಯ ಕೈಯಲ್ಲೇ ಬರೆಸಿಕೊಳ್ಳಿ. ಬೆಳಗಾವಿಯ ಮಳೆಗಾಲದಲ್ಲಿ ಮೋಡ ಕವಿದು ಬೇಗನೇ ಕತ್ತಲು, ಕರೆಂಟೂ ಹೋಗುತ್ತದೆ. ಚಾರ್ಜಿಂಗ್ ಲೈಟ್ ಎರಡು ಇಟ್ಟುಕೊಳ್ಳಿ. ಇದಕ್ಕೆಲ್ಲ ದಾನಿಗಳು ಫೋಟೋ ತೆಗೆಸಿಕೊಳ್ಳುವುದಿಲ್ಲ, ಆದರೆ ತಾಯಂದಿರು ಮಗುವನ್ನು ಕಳಿಸುವುದು ಇದನ್ನು ನೋಡಿಯೇ.

ಒಂದು ಪಾಲು ನನ್ನದು. ಆ ಹುಡುಗನ ಹೆಸರಿನಲ್ಲಿ.

ಬೆಂಗಳೂರಿನಲ್ಲಿರುವ ಶಹಾಪುರದವ (ಸೋಮವಾರ, ರಾತ್ರಿ 10:05)

ಬನಹಟ್ಟಿ ತಂಗಿಯ ಬರಹ ಓದಿ ಸ್ವಲ್ಪ ಹೊತ್ತು ಏನೂ ಬರೆಯಲು ಆಗಲಿಲ್ಲ. 30 ಪಾಲಿಗೆ ನನ್ನ ಒಪ್ಪಿಗೆ ಇದೆ, ಅದರಲ್ಲಿ ಮೂರು ನನ್ನವು. ನಾನೂ ಬೆಳಗಾವಿಯ ಶಹಾಪುರದಲ್ಲೇ ಬೆಳೆದವನು.

ಬ್ಯಾಂಕಿನಲ್ಲಿ ಪ್ರತಿ ತಿಂಗಳು ತಾನಾಗಿಯೇ ಹೋಗುವ ಹಾಗೆ ಮಾಡಿಸಿ. ನಾವು ದೂರ ಇರುವವರು ಮನಸ್ಸಿಲ್ಲದೆ ಅಲ್ಲ, ಮರೆತು ತಪ್ಪಿಸುತ್ತೇವೆ. ಮತ್ತೆ, ನಮ್ಮ ಗಣೇಶ ಮಂಡಳಗಳನ್ನು ಕೇಳಿದ್ದೀರಾ? ಬೆಳಗಾವಿಯಲ್ಲಿ ಓಣಿಗೊಂದು ಮಂಡಳ ಇದೆ, ಪಟ್ಟಿ, ಅಂದರೆ ಹಬ್ಬದ ವಂತಿಗೆ, ಎತ್ತಿದ ಮೇಲೆ ಸ್ವಲ್ಪ ಉಳಿಯುತ್ತದೆ. ಹುಡುಗರಿಗೆ ಒಳ್ಳೆಯ ಕೆಲಸ ಮಾಡುವ ಹುಮ್ಮಸ್ಸೂ ಇರುತ್ತದೆ. ಒಂದು ಮಂಡಳ ವರ್ಷಕ್ಕೊಮ್ಮೆ 6,000 ಕೊಟ್ಟರೆ ಅದೇ ಒಂದು ಪಾಲು. ಈ ವಾರ ನಮ್ಮ ಮಂಡಳದವರಿಗೆ ನಾನೇ ಫೋನ್ ಮಾಡುತ್ತೇನೆ.

ಫೀ ಬಗ್ಗೆ ಒಂದು ಮಾತು. ಕೆಲಸದ ಮೇಲೆ ಎರಡು ವರ್ಷ ಅಮೆರಿಕದಲ್ಲಿದ್ದೆ. ಅಲ್ಲಿ ವೈಎಂಸಿಎಯಂಥ ಸಂಸ್ಥೆಗಳು ಶಾಲೆ ಬಿಟ್ಟ ಮೇಲಿನ ಕೇಂದ್ರ ನಡೆಸುತ್ತವೆ. ಮನೆಯ ಆದಾಯ ನೋಡಿ ಫೀ ಇಳಿಸುತ್ತಾರೆ. ಆ ಕೊರತೆ ತುಂಬಲು ಪ್ರತಿ ವರ್ಷ ಊರಿನವರಿಂದ ದೇಣಿಗೆ ಎತ್ತುತ್ತಾರೆ. ಇದ್ದವರು ಪೂರ್ತಿ ಕೊಡುತ್ತಾರೆ, ಇಲ್ಲದವರು ಆದಷ್ಟು. ಮಕ್ಕಳಿಗೆ ಅದು ಗೊತ್ತೇ ಆಗುವುದಿಲ್ಲ. ನಮ್ಮಲ್ಲೂ 100, 50 ಮತ್ತು ಏನೂ ಇಲ್ಲ ಎಂದು ಮೂರು ಹಂತ ಇಡಬಹುದಲ್ವಾ?

ನಿಪ್ಪಾಣಿ ತಾಯಿ (ಮಂಗಳವಾರ, ಮಧ್ಯಾಹ್ನ 2:50)

ನಾನು ಬೀಡಿ ಕಟ್ಟುವವಳು. ಮಗ ಟೈಪ್ ಮಾಡಿಕೊಡುತ್ತಿದ್ದಾನೆ.

ಆ ಸಾಹೇಬರು ಹೇಳಿದ್ದು ಸರಿ, ಆದರೆ ಆದಾಯ ನೋಡಿ ಎಂದರೆ ಸರ್ಟಿಫಿಕೇಟ್ ಕೇಳುತ್ತೀರಾ? ಕೇಳಬೇಡಿ. ಸಾವಿರ ಬೀಡಿಗೆ ಇಷ್ಟು ಎಂದು ಸಿಗುವವರಿಗೆ ಈ ತಿಂಗಳ ಗಳಿಕೆ ಮುಂದಿನ ತಿಂಗಳು ಇರುವುದಿಲ್ಲ. ಆ ಕಾಗದಕ್ಕೆ ಕಚೇರಿಗೆ ಅಲೆದರೆ ಎರಡು ದಿನದ ಕೂಲಿ ಹೋಗುತ್ತದೆ. ಅಕ್ಕೋರಿಗೆ ಮನೆ ಮನೆ ಗೊತ್ತಿರುತ್ತದೆ. ಅವರು ತಾಯಿಯನ್ನು ಒಂದು ಕಡೆ ಕರೆದು ಕೇಳಲಿ. ಹತ್ತು ಜನರ ಮುಂದೆ ಕೇಳಬಾರದು.

ಪೂರ್ತಿ ಪುಕ್ಕಟೆ ಮಾಡಬೇಡಿ ಎಂದೂ ಹೇಳುತ್ತೇನೆ. ನನ್ನ ಕಿರಿಯ ಮಗಳು ಹೋಗುತ್ತಿದ್ದ ಕಡೆ ಪುಕ್ಕಟೆ ಇತ್ತು. ಒಂದು ದಿನ ಮಗುವಿಗೆ ಕೆನ್ನೆಗೆ ಹೊಡೆದಿದ್ದರು. ಕೇಳಲು ಹೋದರೆ "ಪುಕ್ಕಟೆ ಕಲಿಸುತ್ತೇವೆ, ಮತ್ತೆ ಜೋರು ಬೇರೆ" ಎಂದರು. ಅವತ್ತು 50 ರೂಪಾಯಿ ಕೊಟ್ಟಿದ್ದರೂ ನಾನು ಬಾಯಿಬಿಟ್ಟು ಕೇಳುತ್ತಿದ್ದೆ. ಒಂದೇ ಮನೆಯಿಂದ ಎರಡನೇ ಮಗುವಿಗೆ ಅರ್ಧ, ಮೂರನೇ ಮಗುವಿಗೆ ಬೇಡ. ಹಾಗೆ ಮಾಡಿ.

ಖಾಸಬಾಗದ ಮಗ್ಗ (ಮಂಗಳವಾರ, ರಾತ್ರಿ 9:15)

ನಿಪ್ಪಾಣಿ ಅಕ್ಕ ನನ್ನ ಮನಸ್ಸಿನ ಮಾತನ್ನೇ ಹೇಳಿದರು. 500 ರೂಪಾಯಿ ನನ್ನೊಬ್ಬನಿಂದ ಆಗುವುದಿಲ್ಲ. ನಮ್ಮ ಓಣಿಯ ಐದು ಮನೆಯವರು ಭಿಶಿ (ತಿಂಗಳ ಚೀಟಿ) ಹಾಕುತ್ತೇವೆ, ಅದರ ಜೊತೆಗೇ ತಲಾ 100 ಎತ್ತಿಡೋಣ ಎಂದು ಇವತ್ತು ಮಾತಾಯಿತು. ಐದು ಮನೆ ಸೇರಿ ಒಂದು ಪಾಲು.

ವಡಗಾವಿ ಅಕ್ಕ (ಬುಧವಾರ, ರಾತ್ರಿ 9:40)

ಮೂರು ದಿನದಿಂದ ಓದಿ ಓದಿ ಕಣ್ಣು ತುಂಬಿಕೊಳ್ಳುತ್ತಿವೆ. ಇಲ್ಲಿಯವರೆಗಿನ ಲೆಕ್ಕ ಹೇಳುತ್ತೇನೆ.

ಅಕ್ಕೋರ ಪಗಾರ 6,000 ಮಾಡಲು ನಾವು ನಾಲ್ವರೂ ಒಪ್ಪಿದ್ದೇವೆ. ಹಾಗಾಗಿ ತಿಂಗಳಿಗೆ ಒಟ್ಟು 18,000. ಫೀ 2,900 ಕಳೆದರೆ 15,100 ಬೇಕು. 30 ಪಾಲಾದರೆ 15,000, ಉಳಿದ ನೂರು ರೂಪಾಯಿ ನನ್ನದು. ಫೌಂಡ್ರಿಯವರು ನಾಲ್ಕು, ಶಹಾಪುರದವರು ಮೂರು, ವಿಜಯಪುರದ ತಂಗಿ, ಮಾಸ್ತರರು, ಬನಹಟ್ಟಿ ತಂಗಿ, ಖಾಸಬಾಗದ ಐದು ಮನೆ ಒಂದೊಂದು. ಗೋಕಾಕದ ಸರ್ ಮೆಸೇಜ್ ಮಾಡಿ ತಮ್ಮದೂ ಒಂದು ಎಂದಿದ್ದಾರೆ. ಒಟ್ಟು 12. ಇನ್ನು 18 ಬೇಕು, ಎರಡು ತಿಂಗಳು ಸಮಯ ಇದೆ.

ಫೀ 100, 50 ಮತ್ತು ಇಲ್ಲ ಎಂದು ಮೂರು ಹಂತ. ಅಕ್ಕೋರು ಮಾತ್ರ ಕೇಳುತ್ತಾರೆ, ನಮ್ಮ ಪುಸ್ತಕದಲ್ಲಿ ಮಾತ್ರ ಇರುತ್ತದೆ. ನಿಪ್ಪಾಣಿ ಅಕ್ಕ ಹೇಳಿದ ಹಾಗೆ ಎರಡನೇ ಮಗುವಿಗೆ ಅರ್ಧ. ಮಗುವಿನ ಮೇಲೆ ಯಾರೂ ಕೈ ಎತ್ತಬಾರದು ಎಂದು ಸಂಘದ ನಿಯಮದಲ್ಲೇ ಬರೆಯುತ್ತೇವೆ. ತಿಂಗಳ ಜಮಾ ಖರ್ಚನ್ನು ಕೋಣೆಯ ಬಾಗಿಲಿಗೆ ಅಂಟಿಸುತ್ತೇವೆ, ಯಾರು ಬೇಕಾದರೂ ನೋಡಲಿ. ಸಂಘಕ್ಕೆ ಏಳು ಜನ ಆದರು. ಅದರಲ್ಲಿ ಮೂವರು ಮಕ್ಕಳ ತಾಯಂದಿರು.

ಸಿಎಸ್‌ಆರ್ ಬಾಗಿಲು ಮೂರು ವರ್ಷದ ನಂತರ ತಟ್ಟುತ್ತೇವೆ. ಅಷ್ಟರಲ್ಲಿ ಹಾಜರಿ, ಲೆಕ್ಕ, ಮಕ್ಕಳ ಓದು ಎಲ್ಲದರ ದಾಖಲೆ ಇರುತ್ತದೆ. ಶನಿವಾರ ಮಾತ್ರ ಇನ್ನೂ ಗಂಟು. ಶಾಲೆ ಬೆಳಗಿನದ್ದು, ಮಧ್ಯಾಹ್ನಕ್ಕೇ ಬಿಡುತ್ತದೆ. ಅವ್ವಂದಿರಿಗೆ ಅವತ್ತೂ ಕೆಲಸ. ಮಧ್ಯಾಹ್ನದಿಂದ ಕೋಣೆ ತೆಗೆದರೆ ಅಕ್ಕೋರಿಗೆ ಜಾಸ್ತಿ ತಾಸು ಆಗುತ್ತದೆ, ಅದಕ್ಕೆ ಬೇರೆ ದುಡ್ಡು ಬೇಕು. ಇದಕ್ಕೆ ಯಾರ ಹತ್ತಿರವಾದರೂ ದಾರಿ ಇದೆಯೇ?

ಯಳ್ಳೂರ ರಸ್ತೆಯವಳು (ಬುಧವಾರ, ರಾತ್ರಿ 10:20)

ಅಕ್ಕಾ, ನಾನು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ನನ್ನ ಮಗ ಮೂರನೇ ತರಗತಿ, ನಿಮ್ಮಲ್ಲೇ. ಶನಿವಾರದ ದಾರಿ ನನಗೂ ಗೊತ್ತಿಲ್ಲ. ದುಡ್ಡು ಕೊಡಲು ಸದ್ಯ ಆಗುವುದಿಲ್ಲ. ಆದರೆ ಮಾಸ್ತರರು ವಾರಾನ್ನ ಎಂದು ಬರೆದದ್ದನ್ನು ಓದಿ ಪಕ್ಕದ ಮನೆಯ ಇಬ್ಬರ ಜೊತೆ ಮಾತಾಡಿದೆ. ಸೋಮವಾರ ನಾನು, ಬುಧವಾರ ಒಬ್ಬರು, ಶುಕ್ರವಾರ ಇನ್ನೊಬ್ಬರು. 34 ಮಕ್ಕಳಿಗೆ ಆಗುವಷ್ಟು ಮಡಕಿ ಕಾಳು ಹಿಂದಿನ ದಿನವೇ ನೆನೆಹಾಕಿ, ಮೊಳಕೆ ಬರಿಸಿ, ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಉಸುಳಿ ಮಾಡಿಡುತ್ತೇವೆ. ಒಗ್ಗರಣೆಗೆ ಖಾರ ಕಡಿಮೆ ಹಾಕುತ್ತೇವೆ, ಸಣ್ಣ ಮಕ್ಕಳಿದ್ದಾರೆ. ಆ ಮೂರು ದಿನದ ತಿಂಡಿ ದುಡ್ಡನ್ನು ಶನಿವಾರಕ್ಕೆ ಇಟ್ಟುಕೊಳ್ಳಿ.

ಪಾತ್ರೆ ನಮ್ಮದು ಸಣ್ಣದು. ಭವನದಲ್ಲಿ ದೊಡ್ಡ ಪಾತ್ರೆ ಇದೆಯೇ? ಬೆಳಿಗ್ಗೆ ಎಂಟೂವರೆಗೆ ತಂದುಕೊಟ್ಟರೆ ಅಲ್ಲಿ ಬೀಗ ತೆಗೆಯಲು ಯಾರಾದರೂ ಇರುತ್ತಾರಾ?